ಬರಿರಥ ತಂದ ಸುಮಂತ್ರ

2021ರ ಜೂನ್ 16ರ ಬೆಳಿಗ್ಗೆ ಮುಂಬಯಿಯ ಅಂಧೇರಿಯ ಮನೆಯಲ್ಲಿ ಹಿಂದಿ ಚಿತ್ರನಟ ಚಂದ್ರಶೇಖರ್ ನಿದ್ದೆಯಲ್ಲೇ ತೀರಿಕೊಂಡರು. ವಯಸ್ಸು 97 ದಾಟಿತ್ತು. ಸುದ್ದಿ ಬಂದಾಗ ಅವರ ಹೆಸರಿಗಿಂತ ಮೊದಲು ಪಾತ್ರದ ಹೆಸರೇ ಬಂತು. ರಮಾನಂದ ಸಾಗರರ ಟಿವಿ ಧಾರಾವಾಹಿ ರಾಮಾಯಣದ ಸುಮಂತ್ರ ಇನ್ನಿಲ್ಲ, ಅಂತ. ಹೆಚ್ಚಿನ ಕಡೆ ಅದು ಚಿಕ್ಕ ಸುದ್ದಿ. ಹುಟ್ಟಿದ ಊರು ಹೈದರಾಬಾದ್, ಸುಮಾರು 250 ಸಿನಿಮಾ, ವಯೋಸಹಜ ಕಾರಣ, ಅಲ್ಲಿಗೆ ಮುಗಿಯಿತು.

ರಾಮ, ಸೀತೆ, ಲಕ್ಷ್ಮಣ, ರಾವಣ, ಹನುಮಂತ ಇವರ ಪಾತ್ರ ಮಾಡಿದವರನ್ನು ಜನ ಬೀದಿಯಲ್ಲಿ ಕಂಡರೆ ಕೈಮುಗಿಯುತ್ತಿದ್ದ ಕಾಲ ಆ ಧಾರಾವಾಹಿಯದು. ದಶರಥನ ಸಾರಥಿ ಸುಮಂತ್ರನಿಗೆ ಯಾರೂ ಕೈಮುಗಿಯುವುದಿಲ್ಲ. ಅವನು ಕರೆದಾಗ ಬರುವವನು, ಕಳಿಸಿದಾಗ ಹೋಗುವವನು. ಆದರೆ ಅಯೋಧ್ಯಾಕಾಂಡವನ್ನು ಗಮನವಿಟ್ಟು ಓದಿದವರಿಗೆ ಗೊತ್ತು, ಆ ಕಾಂಡದ ಕೆಟ್ಟ ಸುದ್ದಿಗಳಲ್ಲಿ ಬಹುಪಾಲನ್ನು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹೊತ್ತವನು ಅವನೇ. ಪಾತ್ರ ಎಷ್ಟು ಭಾರದ್ದು ಎಂದು ತಿಳಿದರೆ ಅದನ್ನು ಹೊತ್ತ ನಟ ಮಾಡಿದ್ದೇನು ಎಂಬುದೂ ಕಾಣಿಸುತ್ತದೆ.

ವಾಲ್ಮೀಕಿಯಲ್ಲಿ ದಶರಥನಿಗೆ ಎಂಟು ಮಂದಿ ಮಂತ್ರಿಗಳು. ಧೃಷ್ಟಿ, ಜಯಂತ, ವಿಜಯ, ಸಿದ್ಧಾರ್ಥ, ಅರ್ಥಸಾಧಕ, ಅಶೋಕ, ಮಂತ್ರಪಾಲ. ಎಂಟನೆಯವನು ಸುಮಂತ್ರ. ಮೊದಲ ಏಳು ಹೆಸರು ಯಾರಿಗೂ ನೆನಪಿಲ್ಲ, ಎಂಟನೆಯದು ಉಳಿಯಿತು. ಅವನು ಮಂತ್ರಿಯೂ ಹೌದು, ಸೂತನೂ, ಅಂದರೆ ಸಾರಥಿಯೂ ಹೌದು. ಸಭೆಯಲ್ಲಿ ಸಲಹೆ ಕೊಡುವವನೇ ಅಂಗಳದಲ್ಲಿ ಲಗಾಮು ಹಿಡಿಯುತ್ತಾನೆ. ಋಷ್ಯಶೃಂಗನ ಕಥೆಯನ್ನು ದಶರಥನಿಗೆ ಹೇಳಿದವನು ಅವನು. ಅಂದರೆ ಮಕ್ಕಳು ಹುಟ್ಟುವ ದಾರಿ ತೋರಿಸಿದವನೇ, ಮುಂದೆ ಹಿರಿಯ ಮಗನನ್ನು ಕಾಡಿನ ಅಂಚಿಗೆ ಬಿಟ್ಟುಬರಬೇಕಾಯಿತು.

ಅಯೋಧ್ಯಾಕಾಂಡದಲ್ಲಿ ಅವನ ಪಾಲಿಗೆ ಬರುವ ಕೆಲಸಗಳನ್ನು ಎಣಿಸಿ ನೋಡಬೇಕು. ಯೌವರಾಜ್ಯದ ಸುದ್ದಿ ಹೇಳಲು ರಾಮನನ್ನು ಸಭೆಗೆ ಕರೆತರುವುದು, ಮತ್ತೆ ಇನ್ನೊಮ್ಮೆ ಕರೆತರುವುದು. ಮರುದಿನ ಬೆಳಿಗ್ಗೆ ಕೈಕೇಯಿ ಅರಮನೆಯೊಳಗಿನಿಂದ 'ರಾಮನನ್ನು ಕರೆ' ಎಂದಾಗ, ದೊರೆಯ ಮಾತಿಲ್ಲದೆ ಹೇಗೆ ಹೋಗಲಿ ಎಂದು ನಿಲ್ಲುವುದು. ದೊರೆ ಬಾಯಿಬಿಟ್ಟ ಮೇಲೆ ಹೋಗುವುದು. ಆಮೇಲೆ ಕೈಕೇಯಿಯನ್ನು ಎದುರಿಗೇ ಗದರುವುದು. ಆ ಸರ್ಗದಲ್ಲಿ ಅವನು ಅವಳ ತಾಯಿಯ ಹಳೆಯ ಹಟದ ಕಥೆಯನ್ನೇ ಎತ್ತಿ ಆಡುತ್ತಾನೆ, ಮಂತ್ರಿಯೊಬ್ಬ ರಾಣಿಗೆ ಆಡುವ ಮಾತಲ್ಲ ಅದು. ಬಳಿಕ ರಥ ಹೂಡುವುದು. ತಮಸಾ ನದಿಯ ದಡದಲ್ಲಿ, ಹಿಂಬಾಲಿಸಿ ಬಂದ ಪ್ರಜೆಗಳು ನಿದ್ದೆಯಲ್ಲಿರುವಾಗ, ರಥವನ್ನು ಸ್ವಲ್ಪ ದೂರ ಉತ್ತರಕ್ಕೆ ಓಡಿಸಿ ಗಾಲಿಯ ಗುರುತು ಗೊಂದಲವಾಗುವಂತೆ ತಿರುಗಿಸಿ ತರುವುದು. ಗಂಗೆಯ ದಡದ ಶೃಂಗಬೇರಪುರದಲ್ಲಿ 'ನನ್ನನ್ನೂ ಕರೆದುಕೊಂಡು ಹೋಗು' ಎಂದು ಬೇಡುವುದು, ಇಲ್ಲ ಎನಿಸಿಕೊಳ್ಳುವುದು. ಕೊನೆಗೆ ಖಾಲಿ ರಥದೊಂದಿಗೆ ಮರಳಿ ದಶರಥನ ಮುಂದೆ ನಿಲ್ಲುವುದು.

1987ರಲ್ಲಿ ಶುರುವಾದ ಧಾರಾವಾಹಿಯ ಈ ಪಾತ್ರಕ್ಕೆ ಸಾಗರರು ಕರೆದ ಮನುಷ್ಯನಿಗೆ ಅರವತ್ತು ದಾಟಿತ್ತು. ಅಷ್ಟರಲ್ಲಿ ಅವರು ಚಿತ್ರರಂಗದ ಎಲ್ಲ ಮೆಟ್ಟಿಲುಗಳನ್ನೂ ಹತ್ತಿ ಇಳಿದಿದ್ದರು. 1940ರ ದಶಕದಲ್ಲಿ ಹೈದರಾಬಾದಿನಿಂದ ಮುಂಬಯಿಗೆ ಬಂದವರು, ಗುಂಪಿನಲ್ಲಿ ನಿಲ್ಲುವ ಜೂನಿಯರ್ ಆರ್ಟಿಸ್ಟ್ ಆಗಿ ಶುರುಮಾಡಿದವರು. ವಿ. ಶಾಂತಾರಾಂ ಅವರ 'ಸುರಂಗ್' 1953ರಲ್ಲಿ ಅವರನ್ನು ನಾಯಕನನ್ನಾಗಿ ಮಾಡಿತು. ಐವತ್ತರ ದಶಕದುದ್ದಕ್ಕೂ ನಾಯಕನೋ ಎರಡನೆಯ ನಾಯಕನೋ ಆಗಿ ನಡೆಯಿತು. 1964ರಲ್ಲಿ ತಾವೇ ನಿರ್ಮಿಸಿ, ನಿರ್ದೇಶಿಸಿ, ನಾಯಕನಾಗಿ ನಟಿಸಿದ ಚಿತ್ರ 'ಚಾ ಚಾ ಚಾ'. ಅಲ್ಲಿಯವರೆಗೆ ಹೆಚ್ಚಾಗಿ ಕುಣಿತಕ್ಕೆ ಕರೆಸಿಕೊಳ್ಳುತ್ತಿದ್ದ ಹೆಲೆನ್ ಅದರಲ್ಲಿ ನಾಯಕಿ. ಹೈದರಾಬಾದಿನ ಕವಿ ಮಖ್ದೂಮ್ ಮೊಹಿಯುದ್ದೀನ್ ಅವರ ಮಲ್ಲಿಗೆ ಚಪ್ಪರದ ಕವಿತೆ ಆ ಚಿತ್ರದ ಹಾಡಾಯಿತು, ಇವತ್ತಿಗೂ ರಫಿ ಮತ್ತು ಆಶಾ ದನಿಯಲ್ಲಿ ಕೇಳಿಸುತ್ತದೆ. ಆ ಹಾಡಿನಲ್ಲಿ ಕಾಣಿಸುವ ನಾಯಕನ ಹೆಸರು ಮಾತ್ರ ಕೇಳುವವರಿಗೆ ಹೊಳೆಯುವುದಿಲ್ಲ. 1966ರಲ್ಲಿ 'ಸ್ಟ್ರೀಟ್ ಸಿಂಗರ್' ಬಂತು. ನಾಯಕನ ಕಾಲ ಅಲ್ಲಿಗೆ ತೀರಿತು.

ಮುಂದಿನದು ಅಪರೂಪದ ಹೆಜ್ಜೆ. ಐವತ್ತರ ಆಸುಪಾಸಿನಲ್ಲಿ, ಒಂದು ಕಾಲದ ನಾಯಕ ಮತ್ತು ನಿರ್ದೇಶಕ, ತನಗಿಂತ ಹತ್ತು ವರ್ಷಕ್ಕೂ ಹೆಚ್ಚು ಕಿರಿಯರಾದ ಗುಲ್ಜಾರ್ ಬಳಿ ಸಹಾಯಕ ನಿರ್ದೇಶಕನಾಗಿ ಸೇರಿಕೊಂಡರು. 'ಪರಿಚಯ್', 'ಕೋಶಿಶ್', 'ಆಂಧಿ', 'ಮೌಸಮ್' ಹೀಗೆ ಎಪ್ಪತ್ತರ ದಶಕದ ಮೊದಲರ್ಧದ ಚಿತ್ರಗಳು. ಸಹಾಯಕ ನಿರ್ದೇಶಕನ ಕೆಲಸ ಎಂದರೆ ಸಾಮಾನ್ಯವಾಗಿ ಏನಿರುತ್ತದೆಂದು ಸೆಟ್ಟಿನಲ್ಲಿ ಓಡಾಡಿದವರಿಗೆ ಗೊತ್ತು. ಕಲಾವಿದರು ಎಷ್ಟು ಹೊತ್ತಿಗೆ ಬರಬೇಕು ಎಂದು ತಿಳಿಸುವುದು, ಹಿಂದಿನ ಶಾಟಿನಲ್ಲಿ ಶಾಲು ಎಡ ಹೆಗಲಲ್ಲಿತ್ತೋ ಬಲ ಹೆಗಲಲ್ಲಿತ್ತೋ ಬರೆದಿಡುವುದು, ಕ್ಯಾಮೆರಾದ ಹಿಂದೆ ನಿಂತು ಸಂಭಾಷಣೆ ಓದಿಕೊಡುವುದು, ಒಂದೇ ಶಾಟನ್ನು ಮತ್ತೆ ಮತ್ತೆ ತೆಗೆದ ಟೇಕುಗಳಲ್ಲಿ ಯಾವುದು ಸರಿಬಂತೆಂದು ಗುರುತು ಹಾಕುವುದು. ಹೆಮ್ಮೆಯನ್ನು ಮನೆಯಲ್ಲಿಟ್ಟು ಬಂದರೆ ಮಾತ್ರ ಆಗುವ ಕೆಲಸ.

ಸುಮಂತ್ರನ ಪಾತ್ರಕ್ಕೆ ಅವರನ್ನು ತಯಾರು ಮಾಡಿದ್ದು ನಾಯಕನಾಗಿದ್ದ ವರ್ಷಗಳಿಗಿಂತ ಈ ವರ್ಷಗಳೇ ಎಂಬುದು ಈ ಬರಹದ ಗಟ್ಟಿ ಅಭಿಪ್ರಾಯ. ಯಾಕೆಂದು ಹೇಳಬೇಕಾದರೆ ಧಾರಾವಾಹಿಯ ರಾಜಸಭೆ ದೃಶ್ಯವೊಂದನ್ನು ಹೇಗೆ ಕಟ್ಟುತ್ತಾರೆ ಎಂಬುದನ್ನು ಬಿಡಿಸಿ ನೋಡಬೇಕು.

ಸಭೆಯಲ್ಲಿ ಹತ್ತು ಜನರಿದ್ದಾರೆ, ಮಾತಾಡುವವರು ಇಬ್ಬರು. ಮೊದಲು ಇಡೀ ಸಭೆ ಕಾಣುವಂತೆ ದೂರದಿಂದ ಒಂದು ಶಾಟ್. ಆಮೇಲೆ ಮಾತಾಡುವ ಒಬ್ಬೊಬ್ಬರ ಹತ್ತಿರದ ಶಾಟ್. ಕೊನೆಗೆ, ಹೊತ್ತು ಉಳಿದಿದ್ದರೆ, ಕೇಳುತ್ತಿರುವವರ ಮುಖಗಳು. ಈ ಕೊನೆಯ ಮುಖಗಳೇ ಸಂಕಲನಕಾರನ ಪ್ರಾಣ. ದೊಡ್ಡ ನಟ ಮೂರನೇ ಟೇಕಿನಲ್ಲಿ ಮೊದಲ ಅರ್ಧ ಚೆನ್ನಾಗಿ ಹೇಳಿದ್ದಾನೆ, ಐದನೇ ಟೇಕಿನಲ್ಲಿ ಎರಡನೇ ಅರ್ಧ. ಎರಡನ್ನೂ ನೇರವಾಗಿ ಅಂಟಿಸಿದರೆ ತಲೆ ಚಕ್ಕನೆ ಹಾರಿದಂತೆ ಕಾಣುತ್ತದೆ. ನಡುವೆ ಎರಡು ಸೆಕೆಂಡು ಮಂತ್ರಿಯ ಮುಖ ಇಟ್ಟರೆ ಬೆಸುಗೆ ಕಾಣುವುದಿಲ್ಲ. ನಮ್ಮ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಅಂದರೆ ಮಂತ್ರಿಗೆ ಸಿಗುವುದು 50 ಫ್ರೇಮ್. ಒಮ್ಮೆ ರೆಪ್ಪೆ ಬಡಿದರೆ ಅದರಲ್ಲಿ ಐದಾರರಿಂದ ಹತ್ತು ಫ್ರೇಮ್ ಹೋಗಿಬಿಡುತ್ತದೆ.

ಇಲ್ಲಿ ತಪ್ಪಾಗುವುದು ಮೂರು ಬಗೆಯಲ್ಲಿ. ಮೊದಲನೆಯದು ನೋಟದ ದಿಕ್ಕು. ದಶರಥ ಮಾಡುವವರು ಆ ಹೊತ್ತಿಗೆ ಕುರ್ಚಿಯಲ್ಲಿರದೆ ಮೇಕಪ್ ಕೋಣೆಗೆ ಹೋಗಿರುತ್ತಾರೆ, ಮಂತ್ರಿಗೆ ಎದುರಿಗಿರುವುದು ಖಾಲಿ ಸಿಂಹಾಸನ ಅಥವಾ ಯಾರೋ ಎತ್ತಿಹಿಡಿದ ಕೈ. ಕಣ್ಣು ಒಂದು ಗೇಣು ಆಚೀಚೆಯಾದರೆ ಅವನು ದೊರೆಯನ್ನಲ್ಲ, ಗೋಡೆಯನ್ನು ನೋಡುತ್ತಿದ್ದಾನೆ ಎಂದು ನೋಡುಗನಿಗೆ ಗೊತ್ತಾಗಿಬಿಡುತ್ತದೆ. ಎರಡನೆಯದು ಅತಿ. ಚಿಕ್ಕ ಪಾತ್ರದವರಿಗೆ ಹತ್ತಿರದ ಶಾಟ್ ಸಿಗುವುದೇ ಅಪರೂಪವಾದ್ದರಿಂದ, ಸಿಕ್ಕಾಗ ಹುಬ್ಬು, ಗಲ್ಲ, ಕುತ್ತಿಗೆ ಎಲ್ಲವನ್ನೂ ಒಟ್ಟಿಗೆ ಬಳಸಿಬಿಡುತ್ತಾರೆ. ಅಂಥ ಶಾಟ್ ಆ ಒಂದು ಸಾಲಿಗೆ ಮಾತ್ರ ಹೊಂದುತ್ತದೆ, ಬೇರೆಲ್ಲೂ ಜೋಡಿಸಲು ಬರುವುದಿಲ್ಲ. ಮೂರನೆಯದು ತಲೆಯ ಓರೆ. ದೂರದ ಶಾಟಿನಲ್ಲಿ ನೆಟ್ಟಗೆ ನಿಂತವನು ಹತ್ತಿರದ ಶಾಟಿನಲ್ಲಿ ತಲೆ ವಾಲಿಸಿದ್ದರೆ ಎರಡೂ ಕೂಡುವುದಿಲ್ಲ, ಶಾಟ್ ಕಸಕ್ಕೆ ಹೋಗುತ್ತದೆ.

ಧಾರಾವಾಹಿಯ ಸಭೆಗಳಲ್ಲಿ ಚಂದ್ರಶೇಖರರನ್ನು ನೋಡಿ. ನಿಂತ ಜಾಗ ಬಿಡದೆ, ಕುತ್ತಿಗೆ ನೆಟ್ಟಗೆ, ಕಣ್ಣು ಮಾತಾಡುವವರ ಮೇಲೆ. ಸೋಮಾರಿತನದಿಂದ ಸುಮ್ಮನೆ ನಿಂತವರು ಬೇರೆ, ತಿಳಿದು ಅಲುಗದೆ ನಿಂತವರು ಬೇರೆ. ಸುಮ್ಮನೆ ನಿಂತವರ ಕಣ್ಣು ಮಾತು ಮುಗಿದ ಮೇಲೆ ಸರಿಯುತ್ತದೆ. ಕೇಳುತ್ತಿರುವವರ ಕಣ್ಣು ಮಾತು ಮುಗಿಯುವ ಸ್ವಲ್ಪ ಮುಂಚೆಯೇ, ಅರ್ಥ ಹೊಳೆದ ಕಡೆ, ಕದಲುತ್ತದೆ. ಈ ಚಿಕ್ಕ ವ್ಯತ್ಯಾಸವನ್ನು ಕಲಿಯಲು ಕ್ಯಾಮೆರಾದ ಈಚೆ ಬದಿಯಲ್ಲಿ ನಿಂತು ನೂರಾರು ಮುಖ ನೋಡಿರಬೇಕು.

ಅಂದಿನ ಟಿವಿ ಪೆಟ್ಟಿಗೆಯ ಲೆಕ್ಕವೂ ಇದರಲ್ಲಿ ಸೇರಿದೆ. ಚಿತ್ರವನ್ನು ಅಡ್ಡ ಗೆರೆಗಳಲ್ಲಿ ಮೂಡಿಸುವ 625 ಗೆರೆಗಳ ಪದ್ಧತಿ, ಅದರಲ್ಲಿ ಚಿತ್ರ ಕಾಣಿಸುವುದು 576 ಗೆರೆಗಳಲ್ಲಿ. ಪೆಟ್ಟಿಗೆಯ ಉಬ್ಬು ಗಾಜಿನ ಚೌಕಟ್ಟು ಚಿತ್ರದ ನಾಲ್ಕೂ ಅಂಚನ್ನು ಅಷ್ಟಿಷ್ಟು ನುಂಗಿಬಿಡುತ್ತಿತ್ತು, ನೂರಕ್ಕೆ ಐದರಿಂದ ಹತ್ತು ಪಾಲು. ನುಂಗಿಹೋಗುವ ಆ ಅಂಚಿನಲ್ಲೇ ಮಂತ್ರಿ, ಸೇನಾಪತಿ, ದ್ವಾರಪಾಲಕರ ಜಾಗ. ಮೇಲಾಗಿ ಸಾವಿರಾರು ಮನೆಗಳಲ್ಲಿ ಇದ್ದದ್ದು ಕಪ್ಪು-ಬಿಳುಪು ಪೆಟ್ಟಿಗೆ. ಅಂಗವಸ್ತ್ರದ ಬಣ್ಣದಿಂದ ಯಾರು ಮಂತ್ರಿ ಎಂದು ತಿಳಿಯುವ ದಾರಿ ಇಲ್ಲ. ನಿಲುವಿನಿಂದ, ದನಿಯಿಂದ, ದೊರೆಯಿಂದ ಎಷ್ಟು ದೂರದಲ್ಲಿ ನಿಂತಿದ್ದಾನೆ ಎಂಬುದರಿಂದ ತಿಳಿಯಬೇಕು. ಸುಮಂತ್ರನನ್ನು ಎಲ್ಲರೂ 'ಆರ್ಯ ಸುಮಂತ್' ಎಂದು ಕರೆಯುವುದು ಈ ಕಾರಣಕ್ಕೂ ಒದಗಿತು. ಹೆಸರು ಹಿಡಿದು ಕರೆದಾಗಲೆಲ್ಲ ನೋಡುಗನ ಕಣ್ಣು ಅಂಚಿಗೆ ಹೋಗುತ್ತದೆ.

ಇನ್ನು ಕರ್ನಾಟಕದ ಮಾತು. 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ, 78 ಕಂತು, ದೂರದರ್ಶನದಲ್ಲಿ ಹಿಂದಿಯಲ್ಲೇ ಬಂತು. ಧಾರಾವಾಹಿ ತನ್ನ ಆಕರಗಳ ಪಟ್ಟಿಯಲ್ಲಿ ನಮ್ಮ ನಾಗಚಂದ್ರನ ರಾಮಚಂದ್ರಚರಿತ ಪುರಾಣವನ್ನೂ ಹೆಸರಿಸಿತ್ತು, ಆದರೆ ಕಿವಿಗೆ ಬಿದ್ದದ್ದು ಸಂಸ್ಕೃತ ತುಂಬಿದ ಹಿಂದಿ. ಹಳ್ಳಿಯ ಪಂಚಾಯಿತಿ ಕಟ್ಟೆಯ ಮುಂದೆ, ಪೇಟೆಯ ನಡುಮನೆಯಲ್ಲಿ ಕೂತು ನೋಡಿದ ಲಕ್ಷಾಂತರ ಕನ್ನಡಿಗರಿಗೆ ಆ ಮಾತು ಪೂರ್ತಿ ಅರ್ಥವಾಗುತ್ತಿರಲಿಲ್ಲ. ಕಥೆ ಗೊತ್ತಿತ್ತು, ಹರಿಕಥೆಯಿಂದ, ತಾಳಮದ್ದಳೆಯಿಂದ, ಅಜ್ಜಿಯರ ಬಾಯಿಂದ. ಆದರೆ ಈ ಕ್ಷಣ ಆಡಿದ ಮಾತು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಸಿಕೊಡುತ್ತಿದ್ದದ್ದು ಕೇಳುತ್ತಿದ್ದ ಮುಖಗಳು. ಮಾತಾಡುವವರು ಹಿಂದಿಯಲ್ಲಿ ಮಾತಾಡುತ್ತಿದ್ದರು, ಕೇಳುವವರು ಯಾವ ಭಾಷೆಯಲ್ಲೂ ಕೇಳುತ್ತಿರಲಿಲ್ಲ. ಹಿಂದಿ ಬಾರದ ನಾಡಿಗೆ ಅನುವಾದಕರಾಗಿ ನಿಂತವರು ಚಂದ್ರಶೇಖರರಂಥ ನಟರು. ಅವರಿಗೆ ನಾವು ಸಲ್ಲಿಸಬೇಕಾದ ಋಣದಲ್ಲಿ ಇದು ದೊಡ್ಡ ಪಾಲು.

ರಥದ ದೃಶ್ಯಗಳು ಇನ್ನೊಂದು ಬಗೆಯ ಕಷ್ಟ. ರಥದಲ್ಲಿ ಸಾರಥಿ ಮುಂದೆ, ಒಡೆಯರು ಹಿಂದೆ. ನಾಲ್ವರ ಮುಖವೂ ಕಾಣಬೇಕಾದರೆ ಕ್ಯಾಮೆರಾ ಕುದುರೆಗಳ ಕಡೆಯಿಂದ ನೋಡಬೇಕು. ಆಗ ಲೆನ್ಸಿಗೆ ಹತ್ತಿರವಿರುವವನು ಸಾರಥಿ, ಆದರೆ ನೋಡುಗ ನೋಡಬೇಕಾದದ್ದು ಅವನ ಹಿಂದಿರುವ ರಾಮನನ್ನು. ಸಾರಥಿ ಸ್ವಲ್ಪ ಎದೆ ಸೆಟೆದರೂ ಸೀತೆಯ ಮುಖ ಮುಚ್ಚುತ್ತದೆ. ಬೆನ್ನು ಬಾಗಿಸಿದರೆ ಮುದುಕ ದಣಿದನೆಂದು ಕಾಣುತ್ತದೆ, ಅದು ಆ ದೃಶ್ಯಕ್ಕೆ ಬೇಕಿಲ್ಲ. ಮಾತಾಡಬೇಕಾದದ್ದು ಹಿಂದಿರುವವರ ಜೊತೆ, ಕಣ್ಣು ಇರಬೇಕಾದದ್ದು ದಾರಿಯ ಮೇಲೆ. ತಿರುಗಿ ನೋಡಿದರೆ ಕುದುರೆ ನಡೆಸುವವನಲ್ಲ ಎಂದು ಹಳ್ಳಿಯ ಗಾಡಿ ಹೊಡೆಯುವವರು ತಕ್ಷಣ ಹೇಳುತ್ತಾರೆ. ಹಾಗಾಗಿ ಉಳಿಯುವುದು ಕುತ್ತಿಗೆಯ ಕಾಲು ತಿರುವು, ಕೆನ್ನೆಯ ಒಂದು ಅಂಚು, ಮತ್ತು ದನಿ.

ಲಗಾಮಿನ ಕೈ ಇನ್ನೂ ನಾಜೂಕು. ಹತ್ತಿರದ ಶಾಟುಗಳನ್ನು ಸಾಮಾನ್ಯವಾಗಿ ನಿಂತ ರಥದ ಮೇಲೆ ತೆಗೆಯುತ್ತಾರೆ, ಕೆಳಗಿನಿಂದ ನಾಲ್ಕು ಜನ ಅಲುಗಾಡಿಸುತ್ತಾರೆ. ಆಗ ಲಗಾಮಿನ ಆಚೆ ತುದಿಯಲ್ಲಿ ಕುದುರೆಯ ಬಾಯಿ ಇರುವುದಿಲ್ಲ, ಎಳೆತವಿಲ್ಲದ ಹಗ್ಗ ಜೋತುಬೀಳುತ್ತದೆ. ಅದನ್ನು ಬಿಗಿಯಾಗಿಡಲು ಮೊಣಕೈ ಸೊಂಟಕ್ಕೆ ತಾಗಿರಬೇಕು, ಮುಷ್ಟಿ ಹೊಕ್ಕಳಿನ ಮಟ್ಟದಲ್ಲಿರಬೇಕು, ಅಲುಗಾಟಕ್ಕೆ ಸೊಂಟ ಓಲಾಡಬೇಕೇ ಹೊರತು ಮುಷ್ಟಿ ಎಗರಬಾರದು. ಎದೆಯ ಮಟ್ಟಕ್ಕೆ ಕೈ ಎತ್ತಿ ಗಾಳಿಯಲ್ಲಿ ಲಗಾಮು ಆಡಿಸುವ ಸಾರಥಿಗಳನ್ನು ಆಮೇಲಿನ ಪೌರಾಣಿಕ ಧಾರಾವಾಹಿಗಳಲ್ಲಿ ಬೇಕಾದಷ್ಟು ನೋಡಬಹುದು.

ಇದೆಲ್ಲವೂ ಗುಜರಾತ್-ಮಹಾರಾಷ್ಟ್ರ ಗಡಿಯ ಕಡಲಂಚಿನ ಊರಾದ ಉಮರ್‌ಗಾಂವ್‌ನಲ್ಲಿ. ಅಲ್ಲಿನ ಸ್ಟುಡಿಯೊದಲ್ಲಿ ಅಯೋಧ್ಯೆಯೂ ಮಿಥಿಲೆಯೂ ಲಂಕೆಯೂ ಎದ್ದವು. ಕಡಲ ತಡಿಯ ಸೆಕೆಯಲ್ಲಿ ಪೌರಾಣಿಕ ವೇಷ ಎಂದರೆ ಏನೆಂದು ಮೇಕಪ್ ಕೆಲಸದವರನ್ನು ಕೇಳಬೇಕು. ಅಂಟುಗೂದಲು ಬೆವರಿಗೆ ಮೊದಲು ಬಿಡುವುದು ತುಟಿಯ ಮೂಲೆಯಲ್ಲಿ, ಯಾಕೆಂದರೆ ಮಾತಾಡುವಾಗ ಚರ್ಮ ಹೆಚ್ಚು ಚಲಿಸುವುದು ಅಲ್ಲೇ. ಕಿರೀಟ ಹಣೆಗೆ ಬಿಗಿದ ಗುರುತು ಮಧ್ಯಾಹ್ನದ ಹೊತ್ತಿಗೆ ಕೆಂಪಗೆ ಕಾಣತೊಡಗುತ್ತದೆ. ಅರವತ್ತು ದಾಟಿದವರು ಸಾಲು ಕಡಿಮೆ ಇದ್ದರೂ ಆ ವೇಷದಲ್ಲೇ ದಿನವಿಡೀ ಕಾಯಬೇಕು. ಮುಖ್ಯ ಪಾತ್ರದವರ ಶಾಟ್ ಮುಗಿಯುವವರೆಗೆ ಉಳಿದವರ ಸರದಿ ಬರುವುದಿಲ್ಲ.

ಅದೇ ವರ್ಷಗಳಲ್ಲಿ ಚಂದ್ರಶೇಖರ್ ಕಲಾವಿದರ ಸಂಘದ ಅಧ್ಯಕ್ಷರೂ ಆಗಿದ್ದರು. ಇವತ್ತು ಸಿಂಟಾ ಎಂದು ಕರೆಯುವ ಸಂಘ ಅದು, 1985ರಿಂದ 1996ರವರೆಗೆ ಅವರು ಅದರ ಅಧ್ಯಕ್ಷರು. ದಶರಥನ ಸಭೆಯಲ್ಲಿ ಕೈಕಟ್ಟಿ ನಿಂತ ಮನುಷ್ಯ ಹೊರಗೆ ಬಂದರೆ, ಬಾಕಿ ಸಂಭಾವನೆ, ಮಾತು ತಪ್ಪಿದ ಕರಾರು, ಕಾಯಿಲೆ ಬಿದ್ದ ಹಿರಿಯ ನಟರ ನೆರವು ಇಂಥವನ್ನು ನೋಡಿಕೊಳ್ಳುವ ಸಂಘದ ತಲೆಯಾಳು. ಗುಂಪಿನಲ್ಲಿ ನಿಂತು ದಿನಗೂಲಿಗೆ ದುಡಿದವರೊಬ್ಬರು ಆ ಕುರ್ಚಿಯಲ್ಲಿ ಹನ್ನೊಂದು ವರ್ಷ ಕೂತದ್ದು ಸಣ್ಣ ವಿಷಯವಲ್ಲ. ಸಾವಿನ ಸುದ್ದಿಯಲ್ಲಿ ಅದಕ್ಕೆ ಒಂದು ಸಾಲಿಗಿಂತ ಹೆಚ್ಚು ಸಲ್ಲಬೇಕಿತ್ತು.

ಈಗ ಖಾಲಿ ರಥದ ದೃಶ್ಯ. ಸುಮಂತ್ರ ಮರಳುವ ಬಗೆಯನ್ನು ವಾಲ್ಮೀಕಿ ಮತ್ತು ತುಳಸಿದಾಸ ಬೇರೆಬೇರೆ ಹೇಳುತ್ತಾರೆ. ವಾಲ್ಮೀಕಿಯಲ್ಲಿ ಅವನು ಮೂರನೆಯ ದಿನದ ಸಂಜೆ ಅಯೋಧ್ಯೆ ಮುಟ್ಟುತ್ತಾನೆ, 'ರಾಮ ಎಲ್ಲಿ' ಎಂದು ಜನ ರಥದ ಹಿಂದೆ ಓಡಿಬರುತ್ತಾರೆ. ತುಳಸಿಯಲ್ಲಿ ಗುಹ ನಾಲ್ಕು ಜನ ಸೇವಕರನ್ನು ಜೊತೆಗೆ ಕಳಿಸುತ್ತಾನೆ, ಅಷ್ಟು ಕುಸಿದಿರುತ್ತಾನೆ ಸಾರಥಿ. ಊರ ಹೊರಗೆ ಮರದ ಕೆಳಗೆ ಕೂತು ಹಗಲು ಕಳೆದು, ಯಾರಿಗೂ ಮುಖ ತೋರಿಸಲಾರದೆ ಕತ್ತಲಾದ ಮೇಲೆ ಒಳಗೆ ಬರುತ್ತಾನೆ. ಎರಡರಲ್ಲೂ ಕುದುರೆಗಳು ಮುಂದೆ ಹೆಜ್ಜೆ ಇಡಲೊಲ್ಲವು.

ದಶರಥ ಅವನನ್ನು ಕೇಳುವ ಪ್ರಶ್ನೆ ಅಯೋಧ್ಯಾಕಾಂಡದಲ್ಲೇ ಎದೆಗೆ ನಾಟುವಂಥದ್ದು. ರಾಮ ಕ್ಷೇಮವೇ ಎಂದು ಕೇಳಿ ಸುಮ್ಮನಾಗುವುದಿಲ್ಲ. ಎಲ್ಲಿ ಕೂತ, ಎಲ್ಲಿ ಮಲಗಿದ, ಏನು ಉಂಡ, ಅದನ್ನು ಹೇಳು ಸೂತ, ಅಷ್ಟರಿಂದ ಬದುಕಿಕೊಂಡೇನು ಎನ್ನುತ್ತಾನೆ. ಮಗನ ಗುಣಗಾನ ಅವನಿಗೆ ಬೇಡ, ವಿವರ ಬೇಕು.

ಸುಮಂತ್ರ ಕೊಡುವ ವರದಿಯಲ್ಲಿ ಮೂರು ದನಿಗಳಿವೆ. ರಾಮನ ಮಾತು ಶಾಂತ, ತಂದೆ-ತಾಯಿಗಳಿಗೆ ನಮಸ್ಕಾರ, ಭರತನಿಗೆ ಹಿತ. ಲಕ್ಷ್ಮಣನ ಮಾತು ಸಿಟ್ಟು, ಯಾವ ತಪ್ಪಿಗೆ ಈ ಶಿಕ್ಷೆ ಎಂಬ ನೇರ ಪ್ರಶ್ನೆ. ಸೀತೆ ಏನೂ ಹೇಳಲಿಲ್ಲ, ಕಣ್ಣೀರಿಡುತ್ತ ರಥವನ್ನೇ ನೋಡುತ್ತ ನಿಂತಳು. ಮೂರನ್ನೂ ಒಬ್ಬನೇ ಹೇಳಬೇಕು. ಅನುಕರಿಸಿದರೆ ನಗೆಪಾಟಲು, ಒಂದೇ ರಾಗದಲ್ಲಿ ಹೇಳಿದರೆ ಸಪ್ಪೆ. ಸರಿಯಾದ ದಾರಿ ದನಿ ಬದಲಿಸುವುದಲ್ಲ, ಉಸಿರು ಬದಲಿಸುವುದು. ರಾಮನ ಮಾತಿಗೆ ಉದ್ದ ಉಸಿರು, ಲಕ್ಷ್ಮಣನ ಮಾತಿಗೆ ತುಂಡು ಉಸಿರು, ಸೀತೆಯ ಬಗ್ಗೆ ಹೇಳುವ ಮೊದಲು ಒಂದು ತಡೆ.

ಇಂಥ ದೃಶ್ಯದಲ್ಲಿ ಚಿಕ್ಕ ಪಾತ್ರದ ನಟರು ಮಾಡುವ ದೊಡ್ಡ ತಪ್ಪೆಂದರೆ ಮೊದಲೇ ಅತ್ತುಬಿಡುವುದು. ಸುದ್ದಿ ತಂದವನು ಅತ್ತರೆ ಸುದ್ದಿ ಕೇಳುವವನಿಗೆ ಮಾಡಲು ಏನೂ ಉಳಿಯುವುದಿಲ್ಲ. ದಶರಥನಾಗಿದ್ದ ಬಾಲ್ ಧುರಿ ಅವರ ಪಾಲಿನ ದುಃಖ ಅದು, ಪುತ್ರಶೋಕದಲ್ಲಿ ಸಾಯುವ ತನಕ ಅದನ್ನು ಅವರೇ ಏರಿಸಿಕೊಂಡು ಹೋಗಬೇಕು. ವಾಲ್ಮೀಕಿಯ ಲೆಕ್ಕದಲ್ಲಿ ರಾಮ ಹೊರಟ ಆರನೆಯ ರಾತ್ರಿ ದೊರೆಯ ಪ್ರಾಣ ಹೋಗುತ್ತದೆ. ಆ ಏರಿಗೆ ಸುಮಂತ್ರ ಬರೀ ಮೊದಲ ಮೆಟ್ಟಿಲು. ಮೆಟ್ಟಿಲೇ ಎತ್ತರವಾದರೆ ಹತ್ತುವವರು ಎಡವುತ್ತಾರೆ. ಚಂದ್ರಶೇಖರ್ ಒಮ್ಮೆ ನಾಯಕರಾಗಿದ್ದವರು, ತಮ್ಮದೇ ಚಿತ್ರದಲ್ಲಿ ತಮ್ಮನ್ನೇ ಹತ್ತಿರದಿಂದ ತೋರಿಸಿಕೊಳ್ಳುವ ಹಕ್ಕಿದ್ದವರು. ಅವರು ಇಲ್ಲಿ ತಮ್ಮ ದುಃಖವನ್ನು ಅಳತೆಮಾಡಿ ಕೊಟ್ಟು, ದೃಶ್ಯವನ್ನು ಬಾಲ್ ಧುರಿ ಅವರ ಕೈಗೆ ಒಪ್ಪಿಸಿದರು. ಸೆಟ್ಟಿನಲ್ಲಿ ಇದನ್ನು ದೊಡ್ಡತನ ಎನ್ನುತ್ತಾರೆ, ಚಪ್ಪಾಳೆ ಬೀಳುವುದು ಮಾತ್ರ ಬೇರೆಯವರಿಗೆ.

ಇವರ ಚಿತ್ರಗಳ ಪಟ್ಟಿ ಮಾಡಲು ಹೊರಟವರಿಗೆ ಕೆಲವು ಎಚ್ಚರಿಕೆಗಳು. ಮೊದಲನೆಯದು ಹೆಸರು. ಚಂದ್ರಶೇಖರ್ ಎಂಬ ಹೆಸರಿನವರು ಚಿತ್ರರಂಗದಲ್ಲಿ ಹಲವರು. ಕನ್ನಡಿಗರು ಆ ಹೆಸರು ಕೇಳಿದ ಕೂಡಲೇ ನೆನೆಯುವುದು 1973ರ 'ಎಡಕಲ್ಲು ಗುಡ್ಡದ ಮೇಲೆ' ಚಿತ್ರದ ಚಂದ್ರಶೇಖರ್ ಅವರನ್ನು. ಅವರು ಬೇರೆ, 2018ರ ಜನವರಿಯಲ್ಲಿ ಕೆನಡಾದಲ್ಲಿ ತೀರಿಕೊಂಡರು. ಸುಮಂತ್ರನ ಪಾತ್ರ ಮಾಡಿದವರ ಪೂರ್ಣ ಹೆಸರು ಚಂದ್ರಶೇಖರ್ ವೈದ್ಯ. ಟೈಟಲ್ ಕಾರ್ಡುಗಳಲ್ಲಿ ಒಮ್ಮೆ ಒಂದೇ ಪದವಾಗಿ, ಒಮ್ಮೆ ಒಡೆದು ಎರಡು ಪದವಾಗಿ ಹೆಸರು ಬರುವುದರಿಂದ ಹುಡುಕುವಾಗ ಎರಡು ಬಗೆಯಲ್ಲೂ ಹುಡುಕಬೇಕು.

ಎರಡನೆಯದು ಪಾತ್ರದ ಹೆಸರು. ಎಪ್ಪತ್ತರ ದಶಕದ ಬಳಿಕ ಇಂಥ ನಟರಿಗೆ ಸಿಗುವ ಪಾತ್ರಗಳಿಗೆ ಬಹಳ ಸಲ ಹೆಸರೇ ಇರುವುದಿಲ್ಲ. ಇನ್‌ಸ್ಪೆಕ್ಟರ್, ಡಾಕ್ಟರ್, ಜಡ್ಜ್, ಹುಡುಗಿಯ ತಂದೆ. ಟೈಟಲ್ ಕಾರ್ಡಿನಲ್ಲಿ ಹೆಸರಿದ್ದು ಚಿತ್ರದಲ್ಲಿ ಮುಖ ಕಾಣದಿದ್ದರೆ ದೃಶ್ಯ ಕತ್ತರಿಸಿಹೋಗಿರಬಹುದು. ಮುಖ ಕಂಡು ಹೆಸರಿಲ್ಲದಿದ್ದರೆ 'ಇತರರು' ಎಂಬ ಸಾಲಿನಲ್ಲಿ ಸೇರಿರಬಹುದು. ಎರಡನ್ನೂ ಬೇರೆಬೇರೆ ಕಲಮಿನಲ್ಲಿ ಬರೆದುಕೊಳ್ಳಬೇಕು. ಅಂತರ್ಜಾಲದ ಪಟ್ಟಿಗಳು ಇವೆರಡನ್ನೂ ಬೆರೆಸುವುದರಿಂದಲೇ ಒಂದು ತಪ್ಪು ನೂರು ಕಡೆ ನಕಲಾಗುತ್ತದೆ.

ಮೂರನೆಯದು, ವೇಷದೊಳಗಿನ ಮನುಷ್ಯನನ್ನು ಗುರುತಿಸುವುದು. ವಿಗ್ಗು, ಗಡ್ಡ, ಕಿರೀಟ ಮುಖವನ್ನು ಮರೆಸುತ್ತವೆ. ಮರೆಸಲಾಗದ್ದು ಕಿವಿ. ಕಿವಿಯ ಹಾಲೆ ಕೆನ್ನೆಗೆ ಅಂಟಿದೆಯೋ ಜೋತಿದೆಯೋ, ಮೇಲಿನ ಮಡಿಕೆ ಹೇಗಿದೆ ಎಂಬುದು 1953ರಲ್ಲೂ 1987ರಲ್ಲೂ ಒಂದೇ ಥರ, ವಯಸ್ಸಿಗೆ ಅಷ್ಟಿಷ್ಟು ಉದ್ದವಾಗಿರುತ್ತದೆ ಅಷ್ಟೆ. ಎರಡನೆಯ ಗುರುತು ನಡಿಗೆ. ದನಿಯನ್ನು ಮಾತ್ರ ಕೊನೆಗೆ ನಂಬಬೇಕು, ಡಬ್ಬಿಂಗಿನಲ್ಲಿ ಬೇರೆಯವರ ದನಿ ಬಂದಿರಬಹುದು. ಇಷ್ಟು ಮಾಡಿ ಚಿತ್ರದ ಹೆಸರು, ವರ್ಷ, ಪಾತ್ರ, ಎಷ್ಟನೇ ನಿಮಿಷ ಎಂಬ ನಾಲ್ಕು ವಿವರ ಬರೆದಿಟ್ಟರೆ, '250 ಸಿನಿಮಾ' ಎಂಬ ದುಂಡು ಸಂಖ್ಯೆಗಿಂತ ಅಂಥ ಐವತ್ತು ಸಾಲು ಹೆಚ್ಚು ಬೆಲೆಬಾಳುತ್ತವೆ.

2020ರ ಮಾರ್ಚ್ 28ರಿಂದ, ಲಾಕ್‌ಡೌನ್ ದಿನಗಳಲ್ಲಿ, ದೂರದರ್ಶನ ರಾಮಾಯಣವನ್ನು ಮತ್ತೆ ಪ್ರಸಾರ ಮಾಡಿತು. ಏಪ್ರಿಲ್ 16ರ ಪ್ರಸಾರವನ್ನು 7.7 ಕೋಟಿ ಜನ ನೋಡಿದರೆಂದು ದೂರದರ್ಶನ ಪ್ರಕಟಿಸಿತು. ಆಗ ಚಂದ್ರಶೇಖರ್ ಇದ್ದರು, ಅಂಧೇರಿಯ ಮನೆಯಲ್ಲಿ. ಸೀತೆಯ ಅಮ್ಮನಾಗಿದ್ದ ಊರ್ಮಿಳಾ ಭಟ್, ಭರತನಾಗಿದ್ದ ಸಂಜಯ್ ಜೋಗ್, ಇಂದ್ರಜಿತನಾಗಿದ್ದ ವಿಜಯ್ ಅರೋರಾ, ವಿಭೀಷಣನಾಗಿದ್ದ ಮುಕೇಶ್ ರಾವಲ್ ಅಷ್ಟರಲ್ಲಿ ಹೋಗಿಬಿಟ್ಟಿದ್ದರು. ಅವರೆಲ್ಲರಿಗಿಂತ ಹಿರಿಯರಾದ ಸುಮಂತ್ರ ಉಳಿದಿದ್ದರು.

ಈಗ ನೋಡುವವರಿಗೆ ಒಂದು ಮಾತು. ಅಗಲ-ಎತ್ತರ 4:3 ಅಳತೆಯ ಆ ಚಿತ್ರವನ್ನು ಇಂದಿನ ಅಗಲ ಪರದೆಗೆ ತುಂಬಲು ಎರಡು ದಾರಿ ಹಿಡಿಯುತ್ತಾರೆ. ಅಡ್ಡಕ್ಕೆ ಎಳೆದರೆ ಎಲ್ಲರೂ ದಪ್ಪಗಾಗುತ್ತಾರೆ. ಮೇಲೆ-ಕೆಳಗೆ ಕತ್ತರಿಸಿದರೆ ಚಿತ್ರದ ನಾಲ್ಕನೇ ಒಂದು ಪಾಲು ಹೋಗುತ್ತದೆ, ಕಿರೀಟದ ತುದಿ ಹೋಗುತ್ತದೆ, ಸೊಂಟದ ಮಟ್ಟದಲ್ಲಿರುವ ಸಾರಥಿಯ ಮುಷ್ಟಿಯೂ ಹೋಗುತ್ತದೆ. ಟಿವಿಯ ಸೆಟ್ಟಿಂಗಿನಲ್ಲಿ 4:3 ಆರಿಸಿ, ಎರಡೂ ಬದಿಗೆ ಕಪ್ಪು ಪಟ್ಟಿ ಬಂದರೆ ಬರಲಿ, ಇಡೀ ಚಿತ್ರ ಸಿಗುತ್ತದೆ. ಹಳೆಯ ಪೆಟ್ಟಿಗೆ ನುಂಗುತ್ತಿದ್ದ ಅಂಚು ಕೂಡ. ಕೈಕೇಯಿ ವರ ಕೇಳಿದಲ್ಲಿಂದ ದಶರಥನ ಸಾವಿನವರೆಗಿನ ಕಂತುಗಳನ್ನು ಒಮ್ಮೆ ದನಿ ಪೂರ್ತಿ ತಗ್ಗಿಸಿ, ಮಾತಾಡುವವರನ್ನು ಬಿಟ್ಟು ಬಲ-ಎಡ ಅಂಚನ್ನೇ ನೋಡಿ. ಶೃಂಗಬೇರಪುರದ ದೃಶ್ಯದಲ್ಲಿ ಸ್ವಲ್ಪ ನಿಲ್ಲಿ. ಅಲ್ಲಿ ರಾಮ ಸುಮಂತ್ರನನ್ನು ಮರಳಿ ಕಳಿಸಲು ಕೊಡುವ ಕಾರಣ ವಾಲ್ಮೀಕಿಯಲ್ಲಿ ಸ್ಪಷ್ಟವಾಗಿದೆ: ನೀನು ಖಾಲಿ ರಥದೊಂದಿಗೆ ಹೋದರೆ ಮಾತ್ರ ನಾನು ನಿಜಕ್ಕೂ ಕಾಡಿಗೆ ಹೋದೆನೆಂದು ಕೈಕೇಯಿ ನಂಬುತ್ತಾಳೆ. ಜೊತೆಗೆ ಬರುತ್ತೇನೆಂದವನಿಗೆ, ಸಾಕ್ಷಿಯಾಗಿ ಹಿಂತಿರುಗು ಎಂಬ ಅಪ್ಪಣೆ.

ಹದಿನಾಲ್ಕು ವರ್ಷದ ಮೇಲೆ ರಾಮ ಮರಳಿದಾಗ, ಯುದ್ಧಕಾಂಡದ ಕೊನೆಯ ಸರ್ಗದಲ್ಲಿ, ಅದೇ ಸುಮಂತ್ರ ರಥ ಹೂಡಿ ತಂದು ನಿಲ್ಲಿಸುತ್ತಾನೆ. ರಾಮ ಏರುತ್ತಾನೆ. ಲಗಾಮನ್ನು ಭರತ ಹಿಡಿಯುತ್ತಾನೆ, ಶತ್ರುಘ್ನ ಕೊಡೆ ಹಿಡಿಯುತ್ತಾನೆ, ಲಕ್ಷ್ಮಣನೂ ವಿಭೀಷಣನೂ ಬೀಸಣಿಗೆ, ಚಾಮರ ಹಿಡಿಯುತ್ತಾರೆ. ರಥ ಅಯೋಧ್ಯೆಯೊಳಕ್ಕೆ ಹೊರಡುತ್ತದೆ. ಆ ಸಾಲುಗಳಲ್ಲಿ ಸುಮಂತ್ರ ಎಲ್ಲಿ ನಿಂತಿದ್ದ ಎಂಬ ಮಾತಿಲ್ಲ.